ಸಕ್ಕರೆಯ ಕೈ ಹಿಡಿದು ಒಳಗೆ ಬರುವ ಉಪ್ಪು

ಜೀವಕೋಶದ ಪೊರೆ ಮತ್ತು ಅದರ ಬಾಗಿಲುಗಳ ಬಗ್ಗೆ ಸಿಂಧನೂರಿನಲ್ಲಿ ಏಪ್ರಿಲ್ ತಿಂಗಳ ಒಂದು ಸಂಜೆ ಆಡಿದ ಮಾತು ಇದು. ಬರೆಯುವಾಗ ನನ್ನ ಕೆಮ್ಮು, ಕರೆಂಟ್ ಹೋಗಿದ್ದು, ಹೇಳಿದ್ದನ್ನೇ ಹೇಳಿದ್ದು ಇಷ್ಟನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಕೆಳಗೆ ಕೂತವರು ಪುಣ್ಯವಂತರು, ಉಳಿದವರು ಸ್ವಲ್ಪ ತಡಕೊಳ್ಳಿ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಇದೆ. ಟೇಬಲ್ ಮೇಲೆ ಎರಡು ಸ್ಟೀಲ್ ತಟ್ಟೆ ಇವೆ. ಎರಡರಲ್ಲೂ ಒಂದೇ ಸೌತೆಕಾಯಿಯ ತೆಳು ಬಿಲ್ಲೆಗಳು. ಎಡಗಡೆ ತಟ್ಟೆಗೆ ಏನೂ ಹಾಕುವುದಿಲ್ಲ. ಬಲಗಡೆ ತಟ್ಟೆಗೆ ಒಂದು ಚಮಚ ಉಪ್ಪು ಉದುರಿಸುತ್ತೇನೆ. ಅಷ್ಟೇ. ಇವು ಇಲ್ಲೇ ಇರಲಿ. ಮುಂದಿನ ಸಾಲಿನ ಹುಡುಗರು ದಯವಿಟ್ಟು ತಿನ್ನಬೇಡಿ, ಆಮೇಲೆ ಬೇಕು.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿ ಸಂಬಳ ತಗೊಂಡವನು ಮಾಡಬಾರದ ತಪ್ಪು. ನನ್ನ ಮಗನಿಗೆ ಆಗ ನಾಲ್ಕು ವರ್ಷ. ಮೇ ತಿಂಗಳು. ಒಂದು ಮದುವೆಯಲ್ಲಿ ಉಂಡು ಬಂದ ರಾತ್ರಿಯಿಂದ ವಾಂತಿ, ಭೇದಿ. ಅಂಗಡಿಯಿಂದ ಓಆರ್‌ಎಸ್ ಪ್ಯಾಕೆಟ್, ಅಂದರೆ ಭೇದಿ ಆದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ತಂದೆ. ಒಂದು ಲೀಟರ್ ನೀರಿಗೆ ಕಲಸಿ ಅಂತ ಅದರ ಮೇಲೇ ಬರೆದಿತ್ತು. ಈ ಪೋರ ಒಂದು ಲೀಟರ್ ಯಾವಾಗ ಕುಡಿದಾನು ಅನಿಸಿತು. ಇಡೀ ಪ್ಯಾಕೆಟ್ ಒಂದೇ ಲೋಟಕ್ಕೆ ಸುರಿದು ಕಲಸಿದೆ. ಗಟ್ಟಿಯಾಗಿ ಕೊಟ್ಟರೆ ಬೇಗ ಗುಣ ಆಗುತ್ತೆ ಅಂತ ನನ್ನ ಲೆಕ್ಕ. ಬೈದು, ಮುದ್ದು ಮಾಡಿ ಕುಡಿಸಿದೆ. ಒಂದು ತಾಸಿನಲ್ಲಿ ಭೇದಿ ಇನ್ನೂ ಜಾಸ್ತಿ ಆಯಿತು. ನಾಲಿಗೆ ಒಣಗಿತು. ನೀರು, ನೀರು ಅಂತ ಅಳತೊಡಗಿದ. ಪಕ್ಕದ ಮನೆಯ ನರ್ಸಮ್ಮ ಬಂದವರು ಮೊದಲು ಹುಡುಗನನ್ನು ನೋಡಿದರು, ಆಮೇಲೆ ಲೋಟ ನೋಡಿದರು. "ಮಾಸ್ತರ, ಪ್ಯಾಕೆಟ್ ಮ್ಯಾಲಿಂದು ಓದಾಕ ಬರಂಗಿಲ್ಲೇನು?" ಅಂದರು.

ಹುಡುಗ ಎರಡು ದಿನದಲ್ಲಿ ಸರಿ ಹೋದ. ನನಗೆ ಮಾತ್ರ ಆ ಲೋಟ ಮರೆತಿಲ್ಲ. ಔಷಧಿ ಅದೇ, ನೀರು ಅದೇ. ಅಳತೆ ತಪ್ಪಿದ್ದಕ್ಕೆ ಒಳಗೆ ಹೋಗಬೇಕಾದ ನೀರು ಹೊರಗೆ ಬಂತು. ಯಾಕೆ ಅಂತ ತಿಳಿಯಬೇಕಾದರೆ ಕೋಶದ ಬಾಗಿಲಿಗೇ ಹೋಗಬೇಕು.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಒಂದು ಪೊರೆ ಇದೆ. ಅದು ಎಣ್ಣೆಯ ಪೊರೆ. ದಪ್ಪ ಸುಮಾರು 7 ನ್ಯಾನೋಮೀಟರ್. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಬರಬೇಕಾದರೆ ಇಂಥ ಪೊರೆಗಳನ್ನು ಹತ್ತು ಸಾವಿರಕ್ಕೂ ಜಾಸ್ತಿ ಪೇರಿಸಬೇಕು. ಇದು ಎರಡು ಪದರದ್ದು ಅಂತ ಗೊತ್ತಾದ ಕಥೆ ಚೆನ್ನಾಗಿದೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಅನ್ನುವವರು ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದರು. ಅದು ಒಂದೇ ಪದರವಾಗಿ ಹರಡಿಕೊಂಡಿತು. ಅಳೆದರೆ, ರಕ್ತಕಣಗಳ ಮೈಯ ಅಗಲಕ್ಕಿಂತ ಸರಿಯಾಗಿ ಎರಡು ಪಟ್ಟು! ಅಂದರೆ ಕಣದ ಮೇಲೆ ಅದು ಎರಡು ಪದರವಾಗಿ ಇದ್ದಿರಬೇಕು. ತಮಾಷೆ ಏನೆಂದರೆ ಅವರು ಕೊಬ್ಬನ್ನು ಪೂರ್ತಿ ತೆಗೆದಿರಲೇ ಇಲ್ಲ. ಕಣದ ಅಗಲವನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂತು. ಪರೀಕ್ಷೆಯಲ್ಲಿ ಹೀಗೆ ಆದರೆ ನಾನು ಮಾರ್ಕ್ಸ್ ಕೊಡುವುದಿಲ್ಲ, ಅದು ಬೇರೆ ಮಾತು.

ಎಣ್ಣೆಯ ಪೊರೆ ಅಂದ ಮೇಲೆ ಮೊದಲ ನಿಯಮ ನೀವೇ ಹೇಳಬಹುದು. ಎಣ್ಣೆಯಲ್ಲಿ ಕರಗುವುದು ಸಲೀಸಾಗಿ ದಾಟುತ್ತದೆ. ನೀರಲ್ಲಿ ಕರಗುವುದು ಹೊರಗೇ ನಿಲ್ಲುತ್ತದೆ. 1890ರ ದಶಕದಲ್ಲಿ ಓವರ್ಟನ್ ಅನ್ನುವವರು ಗಿಡದ ಕೋಶಗಳ ಮೇಲೆ ನೂರಾರು ಪದಾರ್ಥ ಪ್ರಯೋಗಿಸಿ ಇದನ್ನು ಕಂಡುಕೊಂಡರು. ಪೊರೆಯನ್ನು ಕಣ್ಣಿಂದ ಯಾರೂ ನೋಡದ ಕಾಲ ಅದು.

ಇದಕ್ಕೆ ನಮ್ಮ ಕಡೆಯ ಸಾಕ್ಷಿ ಬೇಕಾದರೆ ಮಿರ್ಚಿ ಇದೆ. ಮಂಡಾಳು ಒಗ್ಗರಣೆ ಜೊತೆ ಬಿಸಿ ಮಿರ್ಚಿ ಕಚ್ಚುತ್ತೀರಿ. ಖಾರದ ವಸ್ತು, ಅದರ ಹೆಸರು ಕ್ಯಾಪ್ಸೈಸಿನ್, ಎಣ್ಣೆಯಲ್ಲಿ ಕರಗುವಂಥದ್ದು. ನಾಲಿಗೆಯ ನರದ ಪೊರೆಯನ್ನು ಅದು ಯಾರನ್ನೂ ಕೇಳದೆ ದಾಟುತ್ತದೆ. ಆ ಪೊರೆಯಲ್ಲೊಂದು ಬಾಗಿಲಿದೆ. ಖಾರ ಅದನ್ನು ಹೊರಗಿನಿಂದ ಬಡಿಯುವುದಿಲ್ಲ. ಒಳಗಿನ ಕಡೆಯಿಂದ ಹೋಗಿ ಚಿಲಕ ತೆಗೆಯುತ್ತದೆ. ಬಾಗಿಲು ತೆರೆದ ಕೂಡಲೇ ಹೊರಗಿದ್ದ ಸೋಡಿಯಂ (ಉಪ್ಪಿನಲ್ಲಿ ಇರುವುದು ಇದೇ), ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ನರ ಮಿದುಳಿಗೆ ಸುದ್ದಿ ಕಳಿಸುತ್ತದೆ: ಬೆಂಕಿ! ಯಾಕೆ ಬೆಂಕಿ? ಯಾಕೆಂದರೆ ಇದೇ ಬಾಗಿಲು ಸುಮಾರು 43 ಡಿಗ್ರಿ ಬಿಸಿಗೂ ತೆರೆಯುತ್ತದೆ. ಮೆಣಸಿನಕಾಯಿಯೋ ಕೆಂಡವೋ ಮಿದುಳಿಗೆ ಗೊತ್ತಾಗುವುದಿಲ್ಲ. ಈ ಬಾಗಿಲನ್ನು 1997ರಲ್ಲಿ ಹುಡುಕಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಖಾರ ಹತ್ತಿದಾಗ ನೀರು ಕುಡಿದರೆ ಉಪಯೋಗವಿಲ್ಲ, ಎಣ್ಣೆಯಲ್ಲಿ ಕರಗುವುದನ್ನು ನೀರು ತೊಳೆಯುವುದಿಲ್ಲ. ಹಾಲಿನ ಕೊಬ್ಬು ಮತ್ತು ಪ್ರೋಟೀನು ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಮೊಸರು ಇಟ್ಟುಕೊಂಡೇ ಖಾರದ ಊಟಕ್ಕೆ ಕೂರುವ ನಮ್ಮ ಹಿರಿಯರು ಓವರ್ಟನ್ ಓದಿರಲಿಲ್ಲ.

ಗಾಳಿಯ ಆಮ್ಲಜನಕವೂ ಹೀಗೇ ಸುಮ್ನೆ ದಾಟಿಹೋಗುತ್ತದೆ. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ.

ಕಷ್ಟ ಇರುವುದು ಉಪ್ಪಿಗೆ, ಸಕ್ಕರೆಗೆ. ಇವು ನೀರಿನ ಮಕ್ಕಳು. ಎಣ್ಣೆ ಗೋಡೆಯ ಮುಂದೆ ನಿಂತರೆ ನಿಂತೇ ಇರುತ್ತವೆ. ಇವುಗಳಿಗೆ ಬಾಗಿಲು ಬೇಕು. ಪೊರೆಯ ತುಂಬ ಪ್ರೋಟೀನಿನಿಂದ ಮಾಡಿದ ಬಾಗಿಲುಗಳಿವೆ, ಒಂದೊಂದಕ್ಕೂ ಒಂದೊಂದು ಹಟ.

ನೀರಿಗೂ ಬಾಗಿಲಿದೆ. ಎಣ್ಣೆ ಪೊರೆಯಲ್ಲಿ ನೀರು ನಿಧಾನವಾಗಿ ನುಸುಳಬಲ್ಲದು, ಆದರೆ ನಮ್ಮ ಕಿಡ್ನಿಗೆ ಆ ವೇಗ ಸಾಲದು. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ನಾವು ಹೊರಗೆ ಬಿಡುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ವಾಪಸ್ ಹೋಗಬೇಕು. ಅಮೆರಿಕದ ಪೀಟರ್ ಆಗ್ರೆ ರಕ್ತದ ಗುಂಪಿನ ಒಂದು ಪ್ರೋಟೀನ್ ಹುಡುಕುತ್ತಿದ್ದರು. ಅದರ ಜೊತೆ ಬೇಡದ ಇನ್ನೊಂದು ಪ್ರೋಟೀನ್ ಪ್ರತಿ ಸಲ ಬರುತ್ತಿತ್ತು, ಅಕ್ಕಿಯಲ್ಲಿ ಕಲ್ಲು ಬಂದ ಹಾಗೆ. ಕೊನೆಗೆ ಆ ಕಲ್ಲನ್ನೇ ಪರೀಕ್ಷೆ ಮಾಡಿದರು. 1992ರಲ್ಲಿ ಕಪ್ಪೆಯ ಮೊಟ್ಟೆಯೊಳಗೆ ಆ ಪ್ರೋಟೀನ್ ತಯಾರಾಗುವ ಹಾಗೆ ಮಾಡಿ ಮೊಟ್ಟೆಯನ್ನು ಸಿಹಿನೀರಿಗೆ ಹಾಕಿದರು. ಸಾಮಾನ್ಯ ಮೊಟ್ಟೆ ಸುಮ್ಮನೆ ಕೂತಿತು. ಈ ಮೊಟ್ಟೆ ಊದಿ ಊದಿ ಒಡೆಯಿತು. ಒಂದು ಬಾಗಿಲಲ್ಲಿ ಒಂದು ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ಹೋಗುತ್ತವೆ. ಬೇರೆ ಯಾರಿಗೂ ಅಲ್ಲಿ ಪ್ರವೇಶವಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದಾಗ ಮೂತ್ರ ಹಳದಿ ಆಗುತ್ತಲ್ವಾ? ಆಗ ಕಿಡ್ನಿಯ ಕೋಶಗಳು ಇಂಥ ಬಾಗಿಲುಗಳನ್ನು ಜಾಸ್ತಿ ತಂದು ಮೇಲೆ ಕೂರಿಸಿ, ಇದ್ದ ನೀರನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತಿರುತ್ತವೆ.

ಇನ್ನೊಂದು ಬಾಗಿಲಿದೆ, ಪೊಟ್ಯಾಸಿಯಂ ಬಾಗಿಲು. ನನಗೆ ತುಂಬ ಇಷ್ಟವಾದದ್ದು ಇದೇ. ಸೋಡಿಯಂ ಚಿಕ್ಕದು. ಪೊಟ್ಯಾಸಿಯಂ ಅದಕ್ಕಿಂತ ದೊಡ್ಡದು. ದೊಡ್ಡದು ಹೋಗುವ ಬಾಗಿಲಲ್ಲಿ ಚಿಕ್ಕದು ಹೋಗಬೇಕಲ್ಲ? ಹೋಗುವುದಿಲ್ಲ! ಜೋಳ ಹಿಡಿಯುವ ಜರಡಿಯಲ್ಲಿ ಶೇಂಗಾ ಬಿದ್ದ ಹಾಗೆ ಇದು. ನಲವತ್ತು ವರ್ಷ ವಿಜ್ಞಾನಿಗಳು ತಲೆ ಕೆಡಿಸಿಕೊಂಡರು. 1998ರಲ್ಲಿ ರೋಡೆರಿಕ್ ಮ್ಯಾಕಿನನ್ ಆ ಬಾಗಿಲಿನ ಆಕಾರ ತೋರಿಸಿದಾಗ ಗುಟ್ಟು ಬಯಲಾಯಿತು. ಉಪ್ಪಿನ ಕಣಗಳು ನೀರಲ್ಲಿ ಬರಿಮೈಯಲ್ಲಿ ಓಡಾಡುವುದಿಲ್ಲ. ಸುತ್ತ ನೀರಿನ ಅಣುಗಳ ಅಂಗಿ ತೊಟ್ಟಿರುತ್ತವೆ. ಬಾಗಿಲು ಕಿರಿದು, ಅಂಗಿ ಬಿಚ್ಚಿ ಬರಬೇಕು. ಆದರೆ ಬಿಚ್ಚಲು ಶಕ್ತಿ ಬೇಕು. ಒಳಗೆ ಅಷ್ಟೇ ಹಿತವಾದದ್ದು ಸಿಕ್ಕರೆ ಮಾತ್ರ ಬಿಚ್ಚುತ್ತವೆ. ಬಾಗಿಲಿನ ಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಸರಿಯಾಗಿ ಪೊಟ್ಯಾಸಿಯಂನ ಅಳತೆಗೆ ನಿಂತಿವೆ. ಪೊಟ್ಯಾಸಿಯಂಗೆ ಅದು ಹೊಲಿಸಿದ ಅಂಗಿ ಇದ್ದ ಹಾಗೆ. ಸೋಡಿಯಂಗೆ ದೊಗಲೆ. ಅದಕ್ಕೆ ತನ್ನ ನೀರಿನ ಅಂಗಿಯೇ ಸುಖ. ಹಾಗಾಗಿ ಅದು ಒಳಗೆ ಬರುವ ಮನಸ್ಸೇ ಮಾಡುವುದಿಲ್ಲ. ಆಗ್ರೆ, ಮ್ಯಾಕಿನನ್ ಇಬ್ಬರಿಗೂ 2003ರ ನೊಬೆಲ್ ಒಟ್ಟಿಗೇ ಬಂತು.

ಇಲ್ಲಿ ಒಬ್ಬ ಹುಡುಗ ಎದ್ದು ಕೇಳಿದ, "ಸರ್, ಬಾಗಿಲು ತೆರೆದರೆ ಅವು ಒಳಗೇ ಯಾಕೆ ಬರ್ತಾವೆ, ಹೊರಗ್ಯಾಕೆ ಹೋಗಲ್ಲ?" ಒಳ್ಳೆ ಪ್ರಶ್ನೆ. ಉತ್ತರ ನಿಮಗೆ ಗೊತ್ತೇ ಇದೆ. 2024ರ ಆಗಸ್ಟ್ 10ರ ರಾತ್ರಿ ನೆನಪಿಸಿಕೊಳ್ಳಿ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆಗ ನೀರನ್ನು ಯಾರಾದರೂ ತಳ್ಳಿದರಾ? ಇಲ್ಲ. ಈ ಕಡೆ ತುಂಬಿತ್ತು, ಆ ಕಡೆ ತಗ್ಗಿತ್ತು, ನಡುವೆ ತಡೆ ಇರಲಿಲ್ಲ. ಅಷ್ಟು ಸಾಕು. ಕೋಶದಲ್ಲೂ ಹಾಗೇ. ಹೊರಗೆ ರಕ್ತದಲ್ಲಿ ಸೋಡಿಯಂ ಒಳಗಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಬಾಗಿಲು ತೆರೆದರೆ ಒಳಗೆ ನುಗ್ಗುವುದೇ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ, ಒಳಗೆ ಸುಮಾರು ಮೂವತ್ತು ಪಟ್ಟು ಜಾಸ್ತಿ. ಅದು ಹೊರಗೆ ಹರಿಯುತ್ತದೆ.

ಹಾಗಾದರೆ ಈ ಏರು-ತಗ್ಗು ಮಾಡಿಟ್ಟವರು ಯಾರು? ಸೋರುತ್ತಾ ಹೋದರೆ ಎರಡೂ ಕಡೆ ಸಮ ಆಗಬೇಕಿತ್ತಲ್ಲ. ಇದಕ್ಕೆ ಪಂಪ್ ಇದೆ. ನಿಜವಾಗಿಯೂ ಪಂಪೇ. ಏತ ನೀರಾವರಿಯ ಮೋಟರ್ ತಗ್ಗಿನ ನೀರನ್ನು ಎತ್ತರದ ಹೊಲಕ್ಕೆ ಎತ್ತುವ ಹಾಗೆ, ಇದು ಒಂದು ಸಲ ತಿರುಗಿದರೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಪ್ರತಿ ತಿರುವಿಗೂ ಎಟಿಪಿ ಅನ್ನುವ ಇಂಧನದ ಒಂದು ಅಣು ಖರ್ಚು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಏಡಿಯ ಕಾಲಿನ ನರಗಳಲ್ಲಿ ಕಂಡುಹಿಡಿದರು. ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷ ಆದ ಮೇಲೆ. ನೀವು ಈಗ ಸುಮ್ನೆ ಕೂತಿದ್ದೀರಲ್ಲ, ನಿಮ್ಮ ಮೈ ಖರ್ಚು ಮಾಡುತ್ತಿರುವ ಇಂಧನದಲ್ಲಿ ಐದರಲ್ಲಿ ಒಂದು ಪಾಲಿನಷ್ಟಾದರೂ ಈ ಪಂಪಿಗೇ ಹೋಗುತ್ತಿದೆ. ತಿಂದ ಜೋಳದ ರೊಟ್ಟಿಯ ಇಷ್ಟು ಪಾಲು ಉಪ್ಪನ್ನು ಹೊರಗೆ ಎತ್ತಿ ಹಾಕುವುದಕ್ಕೇ ಹೋಗುತ್ತದೆ ಅಂದರೆ ಮೊದಲ ಸಲ ಓದಿದಾಗ ನಾನೂ ನಂಬಿರಲಿಲ್ಲ.

ಆದರೆ ಇದು ದಂಡದ ಖರ್ಚಲ್ಲ. ಅಣೆಕಟ್ಟೆಯಲ್ಲಿ ನೀರು ತುಂಬಿಟ್ಟರೆ ಅದು ಬೀಳುವಾಗ ಕರೆಂಟ್ ತೆಗೆಯಬಹುದು ಅಲ್ವಾ? ಕೋಶವೂ ಅದನ್ನೇ ಮಾಡುತ್ತದೆ. ಹೊರಗೆ ತುಂಬಿಟ್ಟ ಸೋಡಿಯಂ ಒಳಗೆ ಬೀಳುವ ರಭಸವನ್ನೇ ಬಳಸಿ ಬೇರೆ ಸಾಮಾನು ಎಳೆದುಕೊಳ್ಳುತ್ತದೆ.

ಈಗ ಕರುಳಿಗೆ ಬರೋಣ. ಸಣ್ಣ ಕರುಳಿನ ಕೋಶದಲ್ಲಿ ಒಂದು ವಿಚಿತ್ರ ಬಾಗಿಲಿದೆ. ಮಸ್ಕಿ ರೋಡಿನ ಟಂಟಂ ನೋಡಿದ್ದೀರಲ್ಲ, ಸೀಟು ತುಂಬದೆ ಗಾಡಿ ಬಿಡುವುದೇ ಇಲ್ಲ. ಈ ಬಾಗಿಲು ಹಾಗೆ. ಎರಡು ಸೋಡಿಯಂ ಹತ್ತಬೇಕು, ಒಂದು ಗ್ಲೂಕೋಸ್ ಹತ್ತಬೇಕು. ಆಗಲೇ ತಿರುಗಿ ಒಳಗೆ ಬಿಡುತ್ತದೆ. ಬರೀ ಉಪ್ಪು ಬಂದು ನಿಂತರೆ ಈ ಗಾಡಿ ಹೊರಡುವುದಿಲ್ಲ. ಬರೀ ಸಕ್ಕರೆ ಬಂದರೂ ಹೊರಡುವುದಿಲ್ಲ. ಇಬ್ಬರೂ ಜೊತೆಗೆ ಬಂದರೆ ಒಳಗೆ ಬರುತ್ತಾರೆ. ಒಳಗೆ ಬಂದ ಸೋಡಿಯಂನ್ನು ಹಿಂದಿನ ಗೋಡೆಯ ಪಂಪ್ ರಕ್ತದ ಕಡೆ ದಾಟಿಸುತ್ತದೆ. ಉಪ್ಪು, ಸಕ್ಕರೆ ಹೋದ ಕಡೆ ನೀರು ಹಿಂದೆ ಹಿಂದೆ ಹೋಗುತ್ತದೆ. ನೀರಿನ ಸ್ವಭಾವವೇ ಅದು: ಉಪ್ಪು-ಸಕ್ಕರೆ ಗಟ್ಟಿ ಇರುವ ಕಡೆಗೆ ನಡೆಯುವುದು. ಪುಸ್ತಕದಲ್ಲಿ ಇದಕ್ಕೆ ಅಭಿಸರಣೆ ಅನ್ನುತ್ತಾರೆ. ಈ ಜೋಡಿ ಬಾಗಿಲಿನ ವಿಷಯವನ್ನು ರಾಬರ್ಟ್ ಕ್ರೇನ್ 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಹೇಳಿದರು.

ಅದಕ್ಕೆ ಒಂದು ವರ್ಷ ಮೊದಲು, 1959ರಲ್ಲಿ, ಕೋಲ್ಕತ್ತದಲ್ಲಿ ಶಂಭುನಾಥ ಡೇ ಕಾಲರಾ ಹೇಗೆ ಕೊಲ್ಲುತ್ತದೆ ಅಂತ ತೋರಿಸಿದ್ದರು. ಮೊಲದ ಕರುಳಿನ ತುಂಡುಗಳನ್ನು ಕಟ್ಟಿ ಮಾಡಿದ ಪ್ರಯೋಗ ಅದು. ಕಾಲರಾ ರೋಗಾಣು ಕರುಳನ್ನು ಕೊರೆಯುವುದಿಲ್ಲ, ಕೆಡಿಸುವುದಿಲ್ಲ. ಒಂದು ವಿಷ ಬಿಡುತ್ತದೆ. ಆ ವಿಷ ಕರುಳ ಕೋಶದಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಇನ್ನೊಂದು ಭಾಗ, ಹೋಗುವ ಬಾಗಿಲನ್ನು ತೆರೆದು ಹಾಗೇ ಬಿಟ್ಟುಬಿಡುತ್ತದೆ ಅಂತ ಆಮೇಲೆ ತಿಳಿಯಿತು. ನಮ್ಮ 19ನೇ ಗೇಟ್ ಹೋದ ಹಾಗೆ! ಕ್ಲೋರೈಡ್ ಹರಿಯುತ್ತದೆ, ಸೋಡಿಯಂ ಹರಿಯುತ್ತದೆ, ನೀರು ಹಿಂದೆ ಹರಿಯುತ್ತದೆ. ಜೋರಾದರೆ ದೊಡ್ಡವರಿಗೂ ತಾಸಿಗೆ ಒಂದು ಲೀಟರ್ ವರೆಗೆ ಹೋಗಬಹುದು. ಮನುಷ್ಯ ಅರ್ಧ ದಿನದಲ್ಲಿ ಒಣಗಿಹೋಗುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ವಿಷ ಒಂದು ಬಾಗಿಲನ್ನು ಕೆಡಿಸಿತು. ಆದರೆ ಆ ಟಂಟಂ ಬಾಗಿಲಿಗೆ ಕೈ ಹಚ್ಚಲಿಲ್ಲ. ಅದು ಹಾಗೇ ಕೆಲಸ ಮಾಡುತ್ತಿದೆ. ರೋಗಿಗೆ ಬರೀ ಉಪ್ಪುನೀರು ಕುಡಿಸಿದರೆ ಹೆಚ್ಚು ಪಾಲು ಹೊರಗೇ ಹೋಗುತ್ತದೆ. ಉಪ್ಪಿನ ಜೊತೆ ಗ್ಲೂಕೋಸ್ ಸೇರಿಸಿ ಕೊಟ್ಟರೆ ಒಳಗೆ ಹೋಗುತ್ತದೆ. ಗೇಟು ರಿಪೇರಿ ಆಗಿಲ್ಲ, ಭೇದಿ ನಿಂತಿಲ್ಲ. ಆದರೆ ಹೋಗುವುದಕ್ಕಿಂತ ಜಾಸ್ತಿ ನೀರನ್ನು ಇನ್ನೊಂದು ಕಡೆಯಿಂದ ಎತ್ತಿ ತುಂಬುತ್ತಿದ್ದೇವೆ. ಆಶಾ ಅಕ್ಕಂದಿರು ಇಲ್ಲಿ ಇದ್ದೀರಿ, ಇದನ್ನು ತಾಯಂದಿರಿಗೆ ಬಿಡಿಸಿ ಹೇಳಿ. "ಓಆರ್‌ಎಸ್ ಕೊಟ್ರೂ ಭೇದಿ ನಿಲ್ಲಲಿಲ್ಲ" ಅಂತ ಅರ್ಧಕ್ಕೆ ಬಿಡುತ್ತಾರೆ. ಅದು ನಿಲ್ಲಿಸುವ ಔಷಧಿಯೇ ಅಲ್ಲ. ರೋಗಾಣು ಹೊರಹೋಗುವ ತನಕ ಜೀವ ಉಳಿಸುವ ನೀರು ಅದು.

ಇದು ಪುಸ್ತಕದಿಂದ ಬೀದಿಗೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ಸಮಯ. ಗಡಿ ದಾಟಿ ಲಕ್ಷಗಟ್ಟಲೆ ಜನ ಪಶ್ಚಿಮ ಬಂಗಾಳಕ್ಕೆ ಬಂದರು. ಬನ್‌ಗಾಂವ್ ಎನ್ನುವ ಗಡಿ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಮಲಗಿದ್ದರು. ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಚುಚ್ಚಲು ಕೈ ತಿಳಿದವರೂ ಸಾಲದು. ದಿಲೀಪ್ ಮಹಲನಬೀಸ್ ಅನ್ನುವ ಮಕ್ಕಳ ಡಾಕ್ಟರು ಒಂದು ತೀರ್ಮಾನ ಮಾಡಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡ. ಪುಡಿಯನ್ನು ಕೋಲ್ಕತ್ತದಲ್ಲಿ ಪೊಟ್ಟಣ ಕಟ್ಟಿಸಿ ತಂದು ಡ್ರಮ್ಮುಗಳಲ್ಲಿ ಕಲಸಿದರು. ಕುಡಿಸುವ ಕೆಲಸ ರೋಗಿಯ ಅಮ್ಮ, ಅಣ್ಣ, ತಂಗಿಯದು. ನರ್ಸ್ ಬೇಕಿಲ್ಲ, ಸೂಜಿ ಬೇಕಿಲ್ಲ. ನೂರಕ್ಕೆ ಮೂವತ್ತರಷ್ಟು ಇದ್ದ ಸಾವು 3.6ಕ್ಕೆ ಇಳಿಯಿತು. ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆ ಇದೇ ಆಗಬಹುದು ಅಂತ 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಬರೆಯಿತು. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಇದ್ದಾಗಲೇ ಕೊಡಬಹುದಿತ್ತು.

ಈ ಕಥೆ ಸಿಂಧನೂರಿಗೆ ದೂರದ್ದಲ್ಲ. ನಮ್ಮ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ನೆಲೆ ನಿಂತ ಬಂಗಾಳಿ ಕುಟುಂಬಗಳು ಆ ಗಡಿಯನ್ನೇ ದಾಟಿ ಬಂದವರು. ನಾನು ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಕ್ಯಾಂಪಿನ ಹಿರಿಯರೊಬ್ಬರು ಎದ್ದರು. ಅವರ ಕನ್ನಡದಲ್ಲಿ ಇನ್ನೂ ಬಂಗಾಳಿಯ ದುಂಡು ಇದೆ. ತಾವು ಚಿಕ್ಕವರಿದ್ದಾಗ ಹೊಟ್ಟೆ ಕೆಟ್ಟರೆ ತಾಯಿ ಅಕ್ಕಿ ಗಂಜಿಗೆ ಉಪ್ಪು ಹಾಕಿ ಚಮಚ ಚಮಚ ಕೊಡುತ್ತಿದ್ದರಂತೆ. ಅದು ತಪ್ಪಾ ಸರಿಯಾ ಅಂತ ಕೇಳಿದರು. ಸರಿ. ಪೂರಾ ಸರಿ. ಗಂಜಿಯ ಹಿಟ್ಟು ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ. ಜೊತೆಗೆ ಉಪ್ಪು ಇದೆ. ಟಂಟಂ ಹೊರಡಲು ಇನ್ನೇನು ಬೇಕು? ಅಕ್ಕಿಯಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆಮೇಲೆ ಪ್ರಯೋಗಗಳೂ ಹೇಳಿವೆ. ನಮ್ಮ ಅಜ್ಜಿ ಮಾತ್ರ ಉಲ್ಟಾ. ಭೇದಿ ಆದವರಿಗೆ ನೀರೇ ಕೊಡುತ್ತಿರಲಿಲ್ಲ. "ಮ್ಯಾಲಿಂದ ಹಾಕಿದ್ರ ಕೆಳಗ ಹೊಕ್ಕೈತಿ" ಅನ್ನುತ್ತಿದ್ದಳು. ಎಲ್ಲ ಅಜ್ಜಿಯರೂ ಜಾಣೆಯರು ಅಂತ ನಾನು ಹೇಳಲಾರೆ.

ಈಗ ನನ್ನ ಲೋಟಕ್ಕೆ ವಾಪಸ್ ಬರುತ್ತೇನೆ. ಇವತ್ತಿನ ಪ್ಯಾಕೆಟ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದು. ಕರಗಿದ ಕಣಗಳನ್ನು ಎಣಿಸಿ ಹೇಳಿದರೆ ಇದರ ಗಟ್ಟಿತನ 245. ನಮ್ಮ ರಕ್ತದ್ದು ಸುಮಾರು 290. ನೋಡಿ, ರಕ್ತಕ್ಕಿಂತ ಸ್ವಲ್ಪ ತೆಳು ಇಟ್ಟಿದ್ದಾರೆ. ಹಾಗಾಗಿ ನೀರು ಕರುಳಿನಿಂದ ರಕ್ತಕ್ಕೆ ಇಳಿಜಾರಿನಲ್ಲಿ ಹೋದಂತೆ ಹೋಗುತ್ತದೆ. ನಾನು ಅದೇ ಪುಡಿಯನ್ನು 200 ಎಂಎಲ್ ಲೋಟಕ್ಕೆ ಹಾಕಿದೆ. 245 ಇದ್ದದ್ದು ಐದು ಪಟ್ಟಾಗಿ 1225 ಆಯಿತು. ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಇಳಿಜಾರು ತಿರುಗಿಬಿತ್ತು. ಮಗನ ರಕ್ತದ ನೀರನ್ನೇ ನಾನು ಕರುಳಿಗೆ ಎಳೆದು ಹೊರಗೆ ಹಾಕಿಸಿದ್ದೆ.

ಅಂಗಡಿಯ ಸಿಹಿ ಪಾನೀಯಗಳದ್ದೂ ಇದೇ ಕಥೆ, ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಸರಿಯಾದ ಅಳತೆ ಇಲ್ಲದ ಪಾನೀಯದ ಡಬ್ಬಿ ಮೇಲೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಹೇಳಿತು. ಪ್ಯಾಕೆಟ್ ಸಿಗದ ರಾತ್ರಿಗೆ ಮನೆಯ ಲೆಕ್ಕ ಬರೆದುಕೊಳ್ಳಿ: ಕಾಯಿಸಿ ಆರಿಸಿದ ನೀರು ಒಂದು ಲೀಟರ್, ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಮಾಡಬೇಡಿ. ಮಗು ಮಂಕಾದರೆ, ಕುಡಿದದ್ದೆಲ್ಲ ಕಕ್ಕಿದರೆ, ಕಣ್ಣು ಒಳಗೆ ಹೋದರೆ ಲೆಕ್ಕ ಬಿಟ್ಟು ಆಸ್ಪತ್ರೆಗೆ ಓಡಿ.

ಸೌತೆಕಾಯಿ ತಟ್ಟೆ ನೋಡೋಣ ಈಗ. ಅರ್ಧ ಗಂಟೆ ಮೇಲಾಯಿತು. ಎಡಗಡೆಯದು ಹಾಗೇ ಇದೆ, ಮುರಿದರೆ ಟಕ್ ಅನ್ನುತ್ತದೆ. ಬಲಗಡೆಯದು ಮೆತ್ತಗಾಗಿ ಬಾಗುತ್ತಿದೆ. ತಟ್ಟೆಯ ಒಂದು ಮೂಲೆಗೆ ಓರೆ ಮಾಡಿದರೆ ನೀರು ನಿಲ್ಲುತ್ತದೆ. ಈ ನೀರು ನಾನು ಹಾಕಿದ್ದಲ್ಲ. ಸೌತೆಕಾಯಿಯ ಕೋಶಗಳದ್ದು. ಹೊರಗೆ ಉಪ್ಪು ಗಟ್ಟಿ, ಹಾಗಾಗಿ ನೀರು ಹೊರಗೆ ನಡೆಯಿತು. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಮರುದಿನ ಭರಣಿಯಲ್ಲಿ ರಸ ತೇಲುವುದೂ ಇದೇ. ಆ ಉಪ್ಪಿನಲ್ಲಿ ಬಿದ್ದ ಬೂಷ್ಟಿನ ಕೋಶವೂ ಹೀಗೇ ಒಣಗುತ್ತದೆ, ಅದಕ್ಕೇ ಉಪ್ಪಿನಕಾಯಿ ಕೆಡುವುದಿಲ್ಲ.

ರೈತರು ತಲೆ ಆಡಿಸುತ್ತಿದ್ದೀರಿ, ಯಾಕೆ ಅಂತ ಗೊತ್ತು. ಈ ತಟ್ಟೆ ನಿಮ್ಮ ಸವುಳು ಹೊಲ. ಎರೆ ಭೂಮಿಗೆ ಕಾಲುವೆ ನೀರು ವರ್ಷಗಟ್ಟಲೆ ನಿಂತು, ಬಸಿಯಲು ದಾರಿ ಇಲ್ಲದೆ, ಕೆಳಗಿನ ನೀರು ಉಪ್ಪು ಹೊತ್ತು ಮೇಲೆ ಬಂತು. ಬೇಸಿಗೆಯಲ್ಲಿ ಬದುವಿನ ಮೇಲೆ ಬೆಳ್ಳಗೆ ಪುಡಿ ಕಾಣುತ್ತದಲ್ಲ, ಅದು. ತುಂಗಭದ್ರಾ ಕಾಲುವೆಯನ್ನು ಯೋಜಿಸಿದಾಗ ಈ ಭಾಗದ ಬಹುಪಾಲು ಹೊಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಇತ್ತು. ನಾವು ಭತ್ತ ಹಾಕಿದೆವು. ಗದ್ದೆಯಲ್ಲಿ ಮೊಣಕಾಲ ತನಕ ನೀರಿದ್ದರೂ ಸಸಿಯ ತುದಿ ಸುಟ್ಟಂತೆ ಒಣಗುತ್ತದೆ. ಬೇರಿನ ಹೊರಗೆ ಉಪ್ಪು ಗಟ್ಟಿ ಇದ್ದರೆ ಬೇರು ನೀರನ್ನು ಎಳೆದುಕೊಳ್ಳಲಾರದು. ಬುಡಕ್ಕೇ ಯೂರಿಯಾ ಗುಡ್ಡೆ ಹಾಕಿದಾಗ ಸಸಿ ಸುಡುವುದಕ್ಕೂ ಇದೇ ಕಾರಣ.

ಭತ್ತಕ್ಕೆ ಇನ್ನೊಂದು ಕಷ್ಟವಿದೆ. ನಮ್ಮ ಹಾಗೆ ಅದಕ್ಕೆ ಸೋಡಿಯಂ ಪಂಪ್ ಇಲ್ಲ. ಗಿಡಗಳು ಹೈಡ್ರೋಜನ್ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಹೈಡ್ರೋಜನ್ ಕಣಗಳನ್ನು, ಹೊರಗೆ ತಳ್ಳಿ, ಆ ಏರು-ತಗ್ಗಿನಿಂದಲೇ ಎಲ್ಲ ಕೆಲಸ ಮಾಡಿಕೊಳ್ಳುತ್ತವೆ. ಉಪ್ಪು ಜಾಸ್ತಿ ಆದಾಗ ಸೋಡಿಯಂ ಕಳ್ಳನ ಹಾಗೆ ಬೇರೆಯವರ ಬಾಗಿಲಿನಿಂದ ನುಸುಳಿ ಎಲೆಗೆ ಹೋಗಿ ಸೇರುತ್ತದೆ. ಕೆಲವು ತಳಿಗಳಿಗೆ ಮಾತ್ರ ಉಪಾಯ ಗೊತ್ತು. ಕೇರಳದ ಕರಾವಳಿಯ ಪೊಕ್ಕಾಲಿ ಒಂದು. ಬಂಗಾಳದ ನೋನಾ ಬೊಕ್ರಾ ಇನ್ನೊಂದು. ನೋನಾ ಅಂದರೆ ಉಪ್ಪುಪ್ಪು ಅಂತ ಕ್ಯಾಂಪಿನ ಹಿರಿಯರೇ ಅಲ್ಲಿಂದ ಹೇಳಿದರು. ನೋನಾ ಬೊಕ್ರಾದ ಗುಟ್ಟು 2005ರಲ್ಲಿ ತಿಳಿಯಿತು. ಅದರ ಬೇರಿನ ಕೋಶಗಳಲ್ಲಿ ಒಂದು ಸೋಡಿಯಂ ಬಾಗಿಲಿದೆ. ಮೇಲೆ ಹೊರಟ ರಸದಿಂದ ಸೋಡಿಯಂನ್ನು ಅದು ದಾರಿಯಲ್ಲೇ ಇಳಿಸಿಕೊಳ್ಳುತ್ತದೆ, ಎಲೆಗೆ ಮುಟ್ಟಗೊಡುವುದಿಲ್ಲ.

ಪ್ರಶ್ನೆಗಳು ಇನ್ನೂ ಬಂದವು. ಜಿಪ್ಸಂ ಹಾಕಿದರೆ ಸವುಳು ಹೋಗುತ್ತಾ ಅಂತ ಒಬ್ಬರು. ಅದು ಕೋಶದ ವಿಷಯವಲ್ಲ, ಮಣ್ಣಿನ ವಿಷಯ. ಜಿಪ್ಸಂನ ಕ್ಯಾಲ್ಸಿಯಂ ಜೇಡಿಮಣ್ಣಿಗೆ ಅಂಟಿದ ಸೋಡಿಯಂನ್ನು ಎಬ್ಬಿಸುತ್ತದೆ, ಆದರೆ ಎದ್ದ ಸೋಡಿಯಂ ಹೊರಹೋಗಲು ಬಸಿಗಾಲುವೆ ಬೇಕು. ಅದಿಲ್ಲದಿದ್ದರೆ ಬರೀ ಜಿಪ್ಸಂನಿಂದ ಆಗುವುದು ಕಡಿಮೆ. ನಿಮ್ಮ ಹೊಲದ್ದು ಯಾವ ಥರದ ಸವುಳು ಅಂತ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ, ಅವರು ಬಹಳ ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ. ಮತ್ತೊಬ್ಬರು ತಮ್ಮ ಶುಗರ್ ಗುಳಿಗೆಯ ಹಾಳೆ ತೋರಿಸಿದರು. ಡಾಪಾಗ್ಲಿಫ್ಲೋಜಿನ್. ಕಿಡ್ನಿಯಲ್ಲೂ ಟಂಟಂ ಬಾಗಿಲಿನ ಒಬ್ಬ ತಮ್ಮ ಇದ್ದಾನೆ, ಸೋಸಿದ ಸಕ್ಕರೆಯನ್ನು ಸೋಡಿಯಂ ಜೊತೆ ವಾಪಸ್ ತರುವವನು. ಈ ಗುಳಿಗೆ ಅವನನ್ನು ತಡೆಯುತ್ತದೆ, ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ. ಅವರು ಗುಳಿಗೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, "ಅದಕ್ಕಾ ಪದೇ ಪದೇ ಎದ್ದು ಹೋಗೋದು" ಅಂದರು.

ಕೊನೆಗೆ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಟೇಬಲ್ ಹತ್ತಿರ ಬಂದಳು. ಮೆತ್ತಗಾದ ಸೌತೆಕಾಯಿಯನ್ನು ಬರೀ ನೀರಲ್ಲಿ ಹಾಕಿದರೆ ಮತ್ತೆ ಗಟ್ಟಿ ಆಗುತ್ತಾ ಅಂತ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಕುಡಿಯುವ ನೀರಿನ ಜಗ್ ಇತ್ತು. ಉಪ್ಪು ತೊಳೆದು ನಾಲ್ಕು ಬಿಲ್ಲೆ ಅದರಲ್ಲಿ ಹಾಕಿದೆವು. ಕುರ್ಚಿ ಜೋಡಿಸಿ, ಮೈಕ್ ಬಿಚ್ಚಿ, ಬಾಗಿಲು ಹಾಕುವ ಹೊತ್ತಿಗೆ ತೆಗೆದು ನೋಡಿದಳು. ಎರಡು ಸ್ವಲ್ಪ ಬಿಗಿಯಾಗಿದ್ದವು. ಇನ್ನೆರಡು ಹಾಗೇ ಜೋತು ಬಿದ್ದಿದ್ದವು. "ಇವುಕ್ಕ ಪೊರೆ ಹರಿದೈತೇನ್ ಸರ್?" ಅಂದಳು. ಎಡಗಡೆ ತಟ್ಟೆ ನೋಡಿದರೆ ಖಾಲಿ. ಮುಂದಿನ ಸಾಲಿನವರು ಯಾವಾಗ ಮುಗಿಸಿದರೋ ಗೊತ್ತಿಲ್ಲ.